ಮೆಕ್ಸಿಕನ್ ಊಟಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗಬೇಕು, ಮೊಟ್ಟೆಯೂ ಆಗದವರಿಗೆ ಎಂತ ಆರ್ಡರ್ ಮಾಡುವುದು?

ಬಿಜೈಮನೆ

ನಮಸ್ಕಾರ. ಒಂದು ಸಲಹೆ ಬೇಕಿತ್ತು. ನಾದಿನಿಯ ಮಗಳಿಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿದೆ. ಮೊದಲ ಸಂಬಳದ ಖುಷಿಗೆ ಮನೆಯವರಿಗೆಲ್ಲ ಅವಳದೇ ಪಾರ್ಟಿ, ಅದೂ ಮೆಕ್ಸಿಕನ್ ಊಟ ಸಿಗುವ ಒಂದು ಕೆಫೆಯಲ್ಲಿ. ಅಜ್ಜಿ ಬರಲೇಬೇಕಂತೆ. ಅಜ್ಜಿ ಅಂದರೆ ನನ್ನ ಅತ್ತೆ.

ಅತ್ತೆ ಉಡುಪಿಯವರು, ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಹಾಗಂತ ಹೊಸ ತಿಂಡಿಗೆ ಮುಖ ಸಿಂಡರಿಸುವವರಲ್ಲ, ರುಚಿ ನೋಡುವುದರಲ್ಲಿ ನಮಗಿಂತ ಮುಂದೆ. ಹೊರಗೆ ಈರುಳ್ಳಿ ತಿನ್ನುತ್ತಾರೆ, ಬೆಳ್ಳುಳ್ಳಿ ಕಡಿಮೆ ಇದ್ದರೆ ಅಡ್ಡಿಲ್ಲ. ಕೋಳಿ, ಮೀನು ಮಾಡುವ ಹೋಟೆಲಿನಲ್ಲಿ ಕೂರುವುದಕ್ಕೂ ತಕರಾರಿಲ್ಲ, ಮಂಗಳೂರಿನಲ್ಲಿ ಇದ್ದುಕೊಂಡು ಅದಕ್ಕೆಲ್ಲ ತಕರಾರು ಮಾಡಿದರೆ ಆಗುತ್ತದಾ. ಆದರೆ ಅದೇ ಕಾವಲಿಯಲ್ಲಿ ಮಾಡಿದ್ದು ಅಂತ ಗೊತ್ತಾದರೆ ಮಾತಾಡದೆ ತಟ್ಟೆ ಆಚೆ ಸರಿಸುತ್ತಾರೆ. ಆಮೇಲೆ ಉಳಿದವರಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಮೆನು ಮೊಬೈಲಿನಲ್ಲಿ ನೋಡಿದೆ. ಅರ್ಧಕ್ಕರ್ಧ ಹಸಿರು ಚುಕ್ಕಿ ಉಂಟು. ಆದರೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬೀನ್ಸಿಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಬೇಯಿಸಿದ ನೀರು ಅಂತೆಲ್ಲ ಬರೆದಿದ್ದಾರೆ. ನಮ್ಮೂರಲ್ಲೂ ಹಾಗೇನಾ? ಹೋದಾಗ ಎಂತ ಕೇಳಬೇಕು, ಯಾವುದು ತೆಗೆದುಕೊಂಡರೆ ಹೊಟ್ಟೆ ತುಂಬುತ್ತದೆ? ಬರೀ ಪನೀರ್ ಅಂತ ಮಾತ್ರ ಹೇಳಬೇಡಿ, ಅದು ಮನೆಯಲ್ಲೇ ಉಂಟು.

ಕಾವಲಿಕೈ

ಅಕ್ಕ, ನಾನು ಮಣಿಪಾಲ, ಮಂಗಳೂರು ಎರಡೂ ಕಡೆ ಕೆಫೆ ಅಡುಗೆಮನೆಯಲ್ಲಿ ಕೆಲಸ ಮಾಡಿದವನು, ಈಗ ಬಿಟ್ಟಿದ್ದೇನೆ. ಹಾಗಾಗಿ ಮೆನು ವಿಷಯ ಬೇರೆಯವರು ಹೇಳಲಿ, ಒಳಗೆ ಎಂತ ನಡೆಯುತ್ತದೆ ಅಂತ ನಾನು ಹೇಳುತ್ತೇನೆ.

ಹಂದಿ ಕೊಬ್ಬಿನ ಚಿಂತೆ ಬಿಡಿ. ನಾನು ನೋಡಿದ ಕಡೆಯೆಲ್ಲ ರೀಫ್ರೈಡ್ ಬೀನ್ಸ್ ಅಂದರೆ ರಾಜ್ಮಾವನ್ನು ಕುಕ್ಕರಿನಲ್ಲಿ ಬೇಯಿಸಿ, ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಪುಡಿ ಹಾಕಿ ಹಿಸುಕಿದ್ದು, ಅಷ್ಟೇ. ಹಂದಿ ಕೊಬ್ಬು ತಂದು ಕಾಯಿಸಿ ಇಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಅನ್ನವೂ ಹಾಗೆ. ಟೊಮೆಟೊ ರುಬ್ಬಿ ಹಾಕುತ್ತಾರೆ. ಒಂದೇ ಪಾತ್ರೆ ಅನ್ನ ವೆಜ್‌ಗೂ ನಾನ್‌ವೆಜ್‌ಗೂ ಆಗಬೇಕಲ್ಲ, ಹಾಗಾಗಿ ಕೋಳಿ ನೀರು ಹಾಕುವ ಗೋಜಿಗೆ ಹೋಗುವುದಿಲ್ಲ. ಆದರೂ ಒಂದು ಮಾತು ಕೇಳಿಬಿಡಿ, ಕೆಲವರು ರುಚಿಗೆ ಅಂತ ಚಿಕನ್ ಕ್ಯೂಬ್ ಹಾಕುವುದುಂಟು.

ನಿಮ್ಮ ಅತ್ತೆಯವರಿಗೆ ನಿಜವಾದ ತೊಂದರೆ ಇರುವುದು ಬೇರೆ ಕಡೆ. ಒಂದು ಕಾವಲಿ. ಕೆಫೆಗಳಲ್ಲಿ ಒಂದು ದೊಡ್ಡ ಚಪ್ಪಟೆ ಕಾವಲಿ ಇರುತ್ತದೆ. ಚಿಕನ್ ಚೂರು ಹುರಿಯುವುದು, ಕೇಸಡಿಯಾ (ಚೀಸ್ ಇಟ್ಟು ಮಡಚಿದ ರೊಟ್ಟಿ) ಸುಡುವುದು, ಬುರಿಟೋ (ಅನ್ನ, ಬೀನ್ಸ್ ಒಳಗಿಟ್ಟ ರೊಟ್ಟಿ) ಸುತ್ತಿದ ಮೇಲೆ ಎರಡು ಕಡೆ ಕೆಂಪು ಮಾಡುವುದು ಎಲ್ಲ ಅದರ ಮೇಲೇ. ನಡುವೆ ಕೆರೆದು ಒರೆಸುತ್ತಾರೆ, ಆದರೆ ಕಾವಲಿ ಒಂದೇ. ಇಕ್ಕಳ, ಕತ್ತರಿಸುವ ಹಲಗೆ, ಪಿಜ್ಜಾ ಕತ್ತರಿಸುವ ಚಕ್ರ, ಇವೂ ರಶ್ ಇದ್ದಾಗ ಬೇರೆ ಬೇರೆ ಇರುವುದಿಲ್ಲ. ಇನ್ನೊಂದು ಕರಿಯುವ ಎಣ್ಣೆ. ಫ್ರೈಸ್, ಚುರೋಸ್ ಅನ್ನುವ ಕರಿದ ಸಿಹಿ, ಚಿಕನ್ ಸ್ಟ್ರಿಪ್ಸ್ ಒಂದೇ ಎಣ್ಣೆಗೆ ಬೀಳುವ ಕಡೆಗಳು ಬೇಕಾದಷ್ಟಿವೆ. ಹಸಿರು ಚುಕ್ಕಿ ಹೇಳುವುದು ತಟ್ಟೆಯೊಳಗೆ ಎಂತ ಬಿದ್ದಿದೆ ಅಂತ. ಅದು ಎಲ್ಲಿ ಬೆಂದಿತು ಅಂತ ಚುಕ್ಕಿಗೆ ಗೊತ್ತಿಲ್ಲ.

ಆಮೇಲೆ ಮೇಯೋನೀಸ್. ಚಿಪೋಟ್ಲೆ ಸಾಸ್ ಅಂತ ಗುಲಾಬಿ ಬಣ್ಣದ್ದು ಮೇಲಿಂದ ಗೀಟು ಎಳೆದು ಕೊಡುತ್ತಾರಲ್ಲ, ಅದರಲ್ಲಿ ಮುಕ್ಕಾಲು ಪಾಲು ಮೇಯೋನೀಸ್. ಮೊಟ್ಟೆ ಇಲ್ಲದ್ದು ನಮ್ಮಲ್ಲಿ ಧಾರಾಳ ಸಿಗುತ್ತದೆ, ಜಾಸ್ತಿ ಕಡೆ ಅದನ್ನೇ ಬಳಸುತ್ತಾರೆ. ಆದರೆ ವೇಟರ್ ಮಾತು ನಂಬಬೇಡಿ, ಪ್ಯಾಕೆಟ್ ತೋರಿಸಿ ಅನ್ನಿ. ಮೊಟ್ಟೆ ಇದ್ದರೆ ಪ್ಯಾಕೆಟ್ ಮೇಲೆ ಕಂದು ತ್ರಿಕೋನ ಇರಲೇಬೇಕು, ನಮ್ಮ ಕಾನೂನಿನಲ್ಲಿ ಮೊಟ್ಟೆ ನಾನ್‌ವೆಜ್.

ಕೇಳುವ ರೀತಿಯೂ ಮುಖ್ಯ. ‘ಇದು ವೆಜ್ ತಾನೆ?’ ಅಂದರೆ ಹೌದು ಅಂತಲೇ ಉತ್ತರ ಬರುತ್ತದೆ. ಆ ಹುಡುಗ ಸುಳ್ಳು ಹೇಳುತ್ತಿಲ್ಲ, ಅವನ ಲೆಕ್ಕದಲ್ಲಿ ಅದು ವೆಜ್ಜೇ. ‘ಚಿಕನ್ ಎಲ್ಲಿ ಸುಡುತ್ತೀರಿ? ಕೇಸಡಿಯಾ ಎಲ್ಲಿ ಸುಡುತ್ತೀರಿ?’ ಅಂತ ಕೇಳಿ. ಆಗ ಅವನು ಒಳಗೆ ಹೋಗಿ ವಿಚಾರಿಸಲೇಬೇಕಾಗುತ್ತದೆ.

ಗಡ್‌ಬಡ್ ಪ್ರಿಯ

ಅತ್ತೆಯವರನ್ನು ಎಂತಕ್ಕೆ ಪರೀಕ್ಷೆಗೆ ಕೂರಿಸುತ್ತೀರಿ ಮಾರಾಯ್ರೆ. ಉಡುಪಿಯಲ್ಲಿ ಹುಟ್ಟಿದವರಿಗೆ ಮಣಿಪಾಲದಲ್ಲಿ ರಾಜ್ಮಾ ಹಿಸುಕಿ ಕೊಟ್ಟು ದುಡ್ಡು ಬೇರೆ. ರಥಬೀದಿ ಕಡೆ ಹೋಗಿ ಒಂದು ಮಸಾಲೆದೋಸೆ, ಗೋಳಿಬಜೆ, ಕೊನೆಗೊಂದು ಗಡ್‌ಬಡ್ ಐಸ್‌ಕ್ರೀಂ. ಎಲ್ಲರಿಗೂ ಸುಖ.

ಬಿಜೈಮನೆ

@ಗಡ್‌ಬಡ್ ಪ್ರಿಯ, ಈ ಸಲಹೆ ನಮ್ಮ ಯಜಮಾನರು ಆಗಲೇ ಕೊಟ್ಟಾಗಿದೆ. ಅದನ್ನು ತಳ್ಳಿಹಾಕಿದ್ದು ಅತ್ತೆಯೇ. ‘ದೋಸೆ ಎಲ್ಲಿಗೆ ಓಡಿಹೋಗುತ್ತದೆ’ ಅಂದರು.

@ಕಾವಲಿಕೈ, ತುಂಬಾ ಉಪಕಾರ ಆಯಿತು ತಮ್ಮಾ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಕುಂದಾಪ್ರದಿಂದ ಹ್ಯೂಸ್ಟನ್

ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ನಾನಿರುವ ಕಡೆಯ ಸುದ್ದಿ. ಟೆಕ್ಸಾಸಿನಲ್ಲಿ ಗಲ್ಲಿಗೊಂದು ಮೆಕ್ಸಿಕನ್ ಹೋಟೆಲ್. ಇಲ್ಲಿ ಹಳೇ ಪದ್ಧತಿಯವರು ಬೀನ್ಸನ್ನು ಹಂದಿ ಕೊಬ್ಬಿನಲ್ಲೇ ಬಾಡಿಸುತ್ತಾರೆ, ಗೋಧಿ ಟೋರ್ಟಿಯಾ, ಅಂದರೆ ಅವರ ರೊಟ್ಟಿ, ಅದರ ಹಿಟ್ಟಿಗೂ ಅದನ್ನು ಹಾಕುತ್ತಾರೆ. ಕೆಂಪು ಅನ್ನ ಬೇಯುವುದು ಕೋಳಿ ಬೇಯಿಸಿದ ನೀರಿನಲ್ಲಿ. ಟೋರ್ಟಿಯಾ ಸೂಪ್ ಹೆಸರು ಕೇಳಿದರೆ ಪಾಪದ್ದು ಅನಿಸುತ್ತದೆ, ಅದರ ತಳವೂ ಕೋಳಿಯೇ. ತಮಾಲೆ ಅಂತ ಒಂದುಂಟು, ಮೆಕ್ಕೆಜೋಳದ ಹಿಟ್ಟನ್ನು ಅದರ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವುದು, ದಕ್ಷಿಣ ಮೆಕ್ಸಿಕೋದಲ್ಲಿ ಬಾಳೆ ಎಲೆಯಲ್ಲಿ, ಥೇಟ್ ನಮ್ಮ ಕೊಟ್ಟೆ ಕಡುಬಿನ ಹಾಗೆ. ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಒಳಗೆ ಬರೀ ಚೀಸ್, ಮೆಣಸಿನಕಾಯಿ ಇದ್ದರೂ ಹಿಟ್ಟು ಹದ ಮಾಡಿದ್ದು ಹಂದಿ ಕೊಬ್ಬಿನಲ್ಲಿ. ಚಿಲೆ ರೆಯೆನೋ ಅಂದರೆ ದಪ್ಪ ಮೆಣಸಿನಕಾಯಿಗೆ ಚೀಸ್ ತುಂಬಿ ಮೊಟ್ಟೆ ನೊರೆಯಲ್ಲಿ ಅದ್ದಿ ಕರಿದದ್ದು. ಇಲ್ಲಿನವರಿಗೆ ಮಾಂಸ ಇಲ್ಲದಿದ್ದರೆ ವೆಜ್, ಮೊಟ್ಟೆ ಲೆಕ್ಕಕ್ಕೇ ಇಲ್ಲ.

ದೊಡ್ಡ ಚೈನುಗಳಲ್ಲಿ ಈಗ ಪರವಾಗಿಲ್ಲ. ಟಾಕೋ ಬೆಲ್‌ನವರು 2015ರಲ್ಲಿ ಇಲ್ಲಿನ ಸಸ್ಯಾಹಾರಿ ಸಂಘವೊಂದರಿಂದ ಸರ್ಟಿಫಿಕೇಟ್ ತೆಗೆದುಕೊಂಡರು, ಅವರ ಬೀನ್ಸಿನಲ್ಲಿ ಕೊಬ್ಬಿಲ್ಲ. ನನಗೆ ಜಾಸ್ತಿ ಪ್ರಶ್ನೆ ಕೇಳಬೇಕಾಗುವುದು ಮನೆಮಂದಿ ನಡೆಸುವ ಸಣ್ಣ ಹೋಟೆಲುಗಳಲ್ಲಿ. ರುಚಿ ಇರುವುದೂ ಅಲ್ಲೇ, ಎಂತ ಮಾಡುವುದು.

ಒಂದು ವಿಷಯ ಗೊತ್ತಿದ್ದರೆ ಆರ್ಡರ್ ಮಾಡುವುದು ಸುಲಭ. ಈ ಊಟದ ಬುಡದಲ್ಲಿ ಕೊಬ್ಬೂ ಇರಲಿಲ್ಲ, ಚೀಸೂ ಇರಲಿಲ್ಲ. ಹಂದಿ, ದನ ಎರಡೂ ಬಂದದ್ದು ಸ್ಪೇನಿನವರ ಜೊತೆ, 1519ರ ನಂತರ. ಅದಕ್ಕೂ ಮೊದಲು ಅವರು ಮಾಂಸ, ಮೀನು ತಿನ್ನುತ್ತಿರಲಿಲ್ಲ ಅಂತಲ್ಲ, ಆದರೆ ದಿನದ ಊಟ ಅಂದರೆ ಮೆಕ್ಕೆಜೋಳ, ಬೀನ್ಸ್, ಕುಂಬಳ, ಮೆಣಸಿನಕಾಯಿ. ಹಾಗಾಗಿ ನನ್ನ ಲೆಕ್ಕ ಇಷ್ಟೇ. ಹುಟ್ಟುವಾಗಲೇ ಮಾಂಸ ಇಲ್ಲದ್ದನ್ನು ತಿನ್ನಿ, ಮಾಂಸ ತೆಗೆದು ಪನೀರ್ ತುರುಕಿದ್ದನ್ನು ಬಿಡಿ. ಕಾದ ತಟ್ಟೆಯಲ್ಲಿ ಚುರ್ ಅನ್ನುತ್ತಾ ಬರುವ ಫಹೀಟಾ ಟೆಕ್ಸಾಸ್ ಕಡೆ ದನದ ಮಾಂಸದಿಂದ ಶುರುವಾದದ್ದು, ಅದನ್ನು ಕ್ಯಾಪ್ಸಿಕಂ ಮತ್ತು ಪನೀರಿನಲ್ಲಿ ಮಾಡಿದರೆ ಬರೀ ಹೊಗೆ, ಸದ್ದು. ಅದನ್ನು ನೆನೆಸುವ ಸಾಸಿಗೆ ಕೆಲವರು ವೋರ್ಸ್ಟರ್‌ಶೈರ್ ಸಾಸ್ ಬೇರೆ ಹಾಕುತ್ತಾರೆ. ಅದರ ಹಳೇ ವಿಧಾನದಲ್ಲಿ ಇರುವುದು ನಮ್ಮ ಬೊಳೆಂಜಿರಿನ ಕುಲದ ಮೀನು.

ನಾಚೋಸ್ ಮಾತ್ರ ಹುಟ್ಟಾ ವೆಜ್. 1940ರ ದಶಕದಲ್ಲಿ ಮೆಕ್ಸಿಕೋದ ಗಡಿ ಊರು ಪಿಯೆದ್ರಾಸ್ ನೆಗ್ರಾಸ್‌ನ ಒಂದು ಹೋಟೆಲಿಗೆ ಅಮೆರಿಕದ ಸೈನಿಕರ ಹೆಂಡತಿಯರು ಹೊತ್ತಲ್ಲದ ಹೊತ್ತಿನಲ್ಲಿ ಬಂದರಂತೆ. ಅಡುಗೆಯವ ಇಲ್ಲ. ಅಲ್ಲಿದ್ದ ಇಗ್ನಾಸಿಯೋ ಅನಾಯಾ ಕರಿದ ಟೋರ್ಟಿಯಾ ಚೂರಿನ ಮೇಲೆ ಚೀಸ್ ಕರಗಿಸಿ, ಉಪ್ಪಿನಕಾಯಿ ಹಾಕಿದ ಹಲಪೀನೊ ಮೆಣಸಿನಕಾಯಿ ಇಟ್ಟು ಕೊಟ್ಟರು. ಚಿಕನ್ ರಾಶಿ ಹಾಕುವುದೆಲ್ಲ ಆಮೇಲಿನ ಕಥೆ.

ಬೆಣ್ಣೆಹಣ್ಣು

ನಾನು ಉಡುಪಿ, ನಮ್ಮ ಮನೆಯೂ ಮೊಟ್ಟೆ ಇಲ್ಲದ ಮನೆ, ಮಕ್ಕಳಿಂದಾಗಿ ಈ ಊಟ ಅಭ್ಯಾಸ ಆಗಿದೆ. ಕಾವಲಿಕೈ ಹೇಳಿದ್ದರಿಂದಲೇ ದಾರಿ ಸಿಗುತ್ತದೆ ನೋಡಿ. ಕಾವಲಿ ಮುಟ್ಟದ ತಿಂಡಿ ಯಾವುದು? ಬುರಿಟೋ ಬೌಲ್. ಅದು ಬರೀ ಜೋಡಿಸುವುದು. ಒಂದು ಪಾತ್ರೆಯಿಂದ ಅನ್ನ, ಇನ್ನೊಂದರಿಂದ ಬೀನ್ಸ್, ಮೇಲೆ ಬೇಯಿಸಿದ ಜೋಳ, ಸಾಲ್ಸಾ ಅನ್ನುವ ಟೊಮೆಟೊ ಚಟ್ನಿ, ಗ್ವಾಕಮೋಲೆ, ಒಂದು ಚಮಚ ಗಟ್ಟಿ ಮೊಸರಿನ ಕ್ರೀಮ್. ಹುರಿದ ಕ್ಯಾಪ್ಸಿಕಂ ಬೇಡ ಅನ್ನಿ, ಅದು ಕಾವಲಿಯಿಂದ ಬರುತ್ತದೆ. ಅನ್ನ ಉಂಟಲ್ಲ, ಹೊಟ್ಟೆಯೂ ತುಂಬುತ್ತದೆ. ಅತ್ತೆಯವರಿಗೆ ಇದೇ ಸರಿ.

ಜೊತೆಗೆ ಗಟ್ಟಿ ಚಿಪ್ಪಿನ ಟಾಕೋ ಒಂದೆರಡು, ಅಂದರೆ ಮಡಚಿ ಗರಿಗರಿ ಮಾಡಿದ ಟೋರ್ಟಿಯಾ. ಆ ಚಿಪ್ಪು ಜಾಸ್ತಿ ಕಡೆ ಪ್ಯಾಕೆಟ್ಟಿನದ್ದೇ, ಬಿಸಿ ಮಾಡಿ ಬೀನ್ಸ್ ತುಂಬಿ ಕೊಡುತ್ತಾರೆ. ತಿನ್ನುವಾಗ ಮುರಿದು ಮಡಿಲಿಗೆ ಬೀಳುತ್ತದೆ, ಒಳ್ಳೆ ಸೀರೆ ಉಟ್ಟು ಬರಬೇಡಿ ಅಂತ ಮೊದಲೇ ಹೇಳಿ. ನಾಚೋಸ್ ಪ್ಯಾಕೆಟ್ಟಿನ ಚಿಪ್ಸಾ ಇಲ್ಲ ಅಲ್ಲೇ ಕರಿದದ್ದಾ ಅಂತ ಕೇಳಿ, ಈ ಒಂದು ವಿಷಯದಲ್ಲಿ ಪ್ಯಾಕೆಟ್ಟೇ ವಾಸಿ. ಮೇಲೆ ಸುರಿದು ಕೊಡುವುದಕ್ಕಿಂತ ಸಾಸ್ ಎಲ್ಲ ಬೇರೆ ಬಟ್ಟಲಲ್ಲಿ ತರಿಸಿಕೊಳ್ಳಿ. ಚಿಪ್ಸ್ ಮೆತ್ತಗಾಗುವುದಿಲ್ಲ, ಮೇಯೋ ತಪ್ಪಿ ಬಿದ್ದರೂ ಬಟ್ಟಲು ಆಚೆ ಇಟ್ಟರಾಯಿತು.

ಗ್ವಾಕಮೋಲೆ ತಪ್ಪಿಸಬೇಡಿ. ನಮ್ಮ ಜ್ಯೂಸ್ ಅಂಗಡಿಯವರು ಹಾಲು, ಸಕ್ಕರೆ ಹಾಕಿ ಕೊಡುವ ಬೆಣ್ಣೆ ಹಣ್ಣೇ ಅದು. ಇಲ್ಲಿ ಉಪ್ಪು, ನಿಂಬೆ, ಹಸಿಮೆಣಸು, ಕೊತ್ತಂಬರಿ ಹಾಕಿ ಹಿಸುಕುತ್ತಾರೆ. ಜ್ಯೂಸ್ ಕುಡಿದೇ ಅಭ್ಯಾಸ ಆದವರಿಗೆ ಮೊದಲ ತುತ್ತಿಗೆ ವಿಚಿತ್ರ ಅನಿಸುತ್ತದೆ, ಎರಡನೆಯದಕ್ಕೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಕೊಡಗಿನ ಹಣ್ಣು ಬರುವಾಗ ಧಾರಾಳ ಕೊಡುತ್ತಾರೆ, ಬೇರೆ ಸಮಯದಲ್ಲಿ ಒಂದು ಚಮಚಕ್ಕೂ ಬೇರೆ ಬಿಲ್ಲು. ಕಪ್ಪಾಗಿದ್ದರೆ ಹಾಳಾಗಿದೆ ಅಂತಲ್ಲ, ಗಾಳಿ ತಾಗಿದೆ ಅಂತ. ಹಾಗೆ ಕಂಡರೆ ಹೊಸದು ಮಾಡಿಕೊಡಿ ಅನ್ನಿ, ಅದರ ಜೊತೆಗೇ ಬೆಳ್ಳುಳ್ಳಿ ಬೇಡ ಅಂತಲೂ ಹೇಳಬಹುದು. ಬೀನ್ಸಿನಲ್ಲಿ ಮಾತ್ರ ಬೆಳ್ಳುಳ್ಳಿ ತಪ್ಪಿಸಲು ಆಗುವುದಿಲ್ಲ, ಬೆಳಿಗ್ಗೆಯೇ ಮಾಡಿಟ್ಟಿರುತ್ತಾರೆ.

ಖಾರದ ಬಗ್ಗೆ ಹೆದರಬೇಡಿ. ಹಲಪೀನೊ ಖಾರ ಸ್ಕೋವಿಲ್ ಅಳತೆಯಲ್ಲಿ 2,500ರಿಂದ 8,000 ಅಷ್ಟೇ, ವಿನೆಗರಿನಲ್ಲಿ ನೆನೆದದ್ದು ಇನ್ನೂ ಸಪ್ಪೆ. ನಮ್ಮ ಮನೆಯ ಚಟ್ನಿಯೇ ಅದಕ್ಕಿಂತ ಜೋರು.

ಜೋಳದ ತೆನೆಗೆ ಮೇಯೋ, ಚೀಸ್, ಖಾರ ಮೆತ್ತಿ ಕೊಡುವುದೊಂದು ಉಂಟು, ಎಲೋಟೆ ಅಂತ. ಮೇಯೋ ಇಲ್ಲದೆ ಕೇಳಬಹುದು. ನನ್ನನ್ನು ಕೇಳಿದರೆ ಆ ದುಡ್ಡಿಗೆ ಮಲ್ಪೆ ಬೀಚಿನಲ್ಲಿ ಕೆಂಡದಲ್ಲಿ ಸುಟ್ಟು ನಿಂಬೆ ಉಜ್ಜಿ ಕೊಡುವವನ ಹತ್ತಿರ ಇಡೀ ಮನೆಗೆ ಆಗುತ್ತದೆ.

ಹಾಂ, ಅತ್ತೆಯವರು ಚಾತುರ್ಮಾಸ್ಯ ಮಾಡುತ್ತಾರಾ? ಕೊನೆಯ ತಿಂಗಳು ದ್ವಿದಳ ವ್ರತ ಶುರುವಾದರೆ ಬೀನ್ಸ್ ಇಲ್ಲ, ರಾಜ್ಮಾ ಇಲ್ಲ. ಆಗ ಮೆಕ್ಸಿಕನ್ ಹೋಟೆಲಿನಲ್ಲಿ ಉಳಿಯುವುದು ಗ್ವಾಕಮೋಲೆ ಮತ್ತು ನೀರು.

ಗಡ್‌ಬಡ್ ಪ್ರಿಯ

ಚಾತುರ್ಮಾಸ್ಯದ ಮೊದಲ ತಿಂಗಳಿನ ಶಾಕ ವ್ರತದಲ್ಲಿ ಮೆಣಸಿನಕಾಯಿಯೂ ಇಲ್ಲ, ಕಾಳುಮೆಣಸೇ. ಮೆಕ್ಸಿಕೋದವರು ಇದನ್ನು ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ.

ಕುಂದಾಪ್ರದಿಂದ ಹ್ಯೂಸ್ಟನ್

@ಗಡ್‌ಬಡ್ ಪ್ರಿಯ, ಅದಕ್ಕೆ ಕಾರಣವೂ ಅವರೇ ಅಲ್ವಾ. ಮೆಣಸಿನಕಾಯಿ ಅವರ ಕಡೆಯಿಂದ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು. ಅದಕ್ಕೂ ಮೊದಲು ನಮ್ಮ ಖಾರ ಅಂದರೆ ಕಾಳುಮೆಣಸೇ.

ಬಿಜೈಮನೆ

ಅತ್ತೆಗೆ ಎಲ್ಲ ಓದಿ ಹೇಳಿದೆ. ವ್ರತ ಮಾಡುತ್ತಾರೆ, ಆದರೆ ಪಾರ್ಟಿ ಅದಕ್ಕೆ ಮೊದಲೇ. ಬೌಲ್ ಅವರಿಗೆ ಒಪ್ಪಿಗೆ. ಸೀರೆ ವಿಷಯಕ್ಕೆ ಮಾತ್ರ ಒಪ್ಪಿಲ್ಲ.

ಇನ್ನೆರಡು ಪ್ರಶ್ನೆ. ಚೀಸ್ ಮಾಡುವುದಕ್ಕೆ ಕರುವಿನ ಹೊಟ್ಟೆಯ ಎಂತದೋ ಹಾಕುತ್ತಾರೆ ಅಂತ ನಾದಿನಿ ಹೇಳುತ್ತಾಳೆ, ಹೌದಾ? ಮತ್ತೆ ಕೊನೆಗೆ ಸಿಹಿ ಎಂತ ತಿನ್ನಬಹುದು?

ಕಾವಲಿಕೈ

ನಾದಿನಿ ಹೇಳಿದ್ದು ಸರಿಯೇ, ರೆನೆಟ್ ಅಂತ. ಹಾಲು ಒಡೆಯಲು ಹಾಕುವುದು, ಹಳೇ ವಿಧಾನದಲ್ಲಿ ಕರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ಆದರೆ ಅಮುಲ್‌ನಂಥ ನಮ್ಮ ಕಂಪನಿಗಳು ಬಳಸುವುದು ಸೂಕ್ಷ್ಮಜೀವಿಯಿಂದ ಮಾಡಿದ ರೆನೆಟ್, ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇರುತ್ತದೆ. ಕೆಫೆಗಳಿಗೆ ಬರುವುದು ದೊಡ್ಡ ದೊಡ್ಡ ಗಟ್ಟಿಗಳು, ಅವೂ ಇಲ್ಲಿನವೇ. ವಿದೇಶದ ಚೀಸ್ ಹಾಕಿದರೆ ಮೆನುವಿನಲ್ಲಿ ಜಂಬದಿಂದ ಬರೆದಿರುತ್ತಾರೆ, ಅದು ಕಂಡರೆ ಕೇಳಿ.

ಸಿಹಿಯಲ್ಲಿ ಜಾಗ್ರತೆ. ಹಾಲಲ್ಲಿ ನೆನೆಸಿದ ತ್ರೆಸ್ ಲೆಚೆಸ್ ಕೇಕ್, ಫ್ಲಾನ್ ಅನ್ನುವ ಪುಡ್ಡಿಂಗ್ ಎರಡರಲ್ಲೂ ಮೊಟ್ಟೆ, ಎಗ್‌ಲೆಸ್ ಅಂತ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ. ಚುರೋಸ್ ಬರೀ ಹಿಟ್ಟು, ನೀರು, ಉಪ್ಪಿನಲ್ಲೂ ಆಗುತ್ತದೆ, ಕೆಲವರು ಮೊಟ್ಟೆ ಹಾಕುತ್ತಾರೆ, ಅದೂ ಅಲ್ಲದೆ ಎಣ್ಣೆ ತಕರಾರು ಇದ್ದೇ ಇದೆ.

ಟೈಗರ್ ಸರ್ಕಲ್

ಇಷ್ಟೆಲ್ಲ ಪ್ರಶ್ನೆ ಕೇಳಿದರೆ ವೇಟರ್ ಕೆಲಸ ಬಿಟ್ಟು ಊರಿಗೆ ಹೋಗುತ್ತಾನೆ. ಆ ಹುಡುಗರನ್ನು ನೋಡಿದರೆ ಪಾಪ ಅನಿಸುತ್ತದೆ. ತುಂಬಾ ಜನರಿಗೆ ಕನ್ನಡವೂ ಬರುವುದಿಲ್ಲ, ಇನ್ನು ರೆನೆಟ್ ಎಲ್ಲಿಂದ ಹೇಳುತ್ತಾರೆ. ಅಷ್ಟು ಕಟ್ಟುನಿಟ್ಟಾಗಿದ್ದರೆ ವೆಜ್ ಮಾತ್ರ ಇರುವ ಕಡೆ ಹೋಗುವುದೇ ಒಳ್ಳೆಯದು, ನನ್ನ ಅಭಿಪ್ರಾಯ ಅಷ್ಟೇ.

ಬೆಣ್ಣೆಹಣ್ಣು

@ಟೈಗರ್ ಸರ್ಕಲ್, ಹುಡುಗಿ ತನ್ನ ದುಡ್ಡಲ್ಲಿ ಕರೆದಿದ್ದಾಳೆ, ಜಾಗವನ್ನು ಅವಳೇ ಆರಿಸಲಿ. ವೇಟರನ್ನು ಗೋಳು ಹೊಯ್ಯುವುದು ಬೇಡ ಅನ್ನುವುದು ನಿಜ. ಫೋನ್ ಮಾಡಿ ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿದರೆ ಆಯಿತು.

ಕಾವಲಿಕೈ

ಹೌದು, ಫೋನೇ ಮಾಡಿ. ಮಧ್ಯಾಹ್ನ 3ರಿಂದ 5ರ ಒಳಗೆ, ಆಗ ಅಡುಗೆಮನೆಯವರಿಗೂ ಉಸಿರಾಡಲು ಪುರುಸೊತ್ತು. ‘ಒಬ್ಬರು ಹಿರಿಯರು ಬರುತ್ತಾರೆ, ಅವರದ್ದು ಮಾತ್ರ ಬೇರೆ ಬಾಣಲೆಯಲ್ಲಿ ಆಗುತ್ತದಾ?’ ಅಂತ ಕೇಳಿ. ಇಡೀ ಟೇಬಲ್ಲಿಗೆ ಅಂದರೆ ಆಗುವುದಿಲ್ಲ ಅನ್ನುತ್ತಾರೆ, ಒಂದು ತಟ್ಟೆಗೆ ಜಾಸ್ತಿ ಜನ ಒಪ್ಪುತ್ತಾರೆ. ಶನಿವಾರ, ಭಾನುವಾರ ರಾತ್ರಿ ಬೇಡ. ಆವತ್ತು ಇಡೀ ಮಣಿಪಾಲದ ಹುಡುಗರು ಅಲ್ಲೇ ಇರುತ್ತಾರೆ, ಫೋನಿನಲ್ಲಿ ಕೊಟ್ಟ ಮಾತು ಒಳಗಿನವರಿಗೆ ನೆನಪೂ ಇರುವುದಿಲ್ಲ.

ಬಿಜೈಮನೆ

ಬುಧವಾರ ಮಧ್ಯಾಹ್ನಕ್ಕೆ ಆಗುತ್ತದಾ ಅಂತ ಅವಳನ್ನು ಕೇಳುತ್ತೇನೆ, ರಜೆ ಸಿಗಬೇಕಷ್ಟೇ. ಸಿಹಿಗೆ ಗಡ್‌ಬಡ್ ಪ್ರಿಯರು ಹೇಳಿದ್ದೇ ಗಟ್ಟಿ ಮಾಡಿದ್ದೇವೆ, ಬರುವ ದಾರಿಯಲ್ಲಿ ಉಡುಪಿಯಲ್ಲಿ ನಿಲ್ಲಿಸುತ್ತೇವೆ.

ಗಡ್‌ಬಡ್ ಪ್ರಿಯ

ಗೆದ್ದೆ.